ಜಾಲ ಹೆಣೆಯುವ ಅತ್ತೆ

ನಮ್ಮ ಸೋದರತ್ತೆ ಯಾರನ್ನೂ ಸುಲಭಕ್ಕೆ ನಂಬುವುದಿಲ್ಲ. ಬಾಗಿಲನ್ನು ಎರಡು ಸಲ ಬಡಿದವರನ್ನಂತೂ ನಂಬುವುದೇ ಇಲ್ಲ!

ತಪ್ಪು ಅವಳದಲ್ಲ, ಉದ್ಯೋಗದ್ದು. ಕೊಪ್ಪಳದ ಒಂದು ಆಸ್ಪತ್ರೆಯ ಕಂಪ್ಯೂಟರ್ ಜಾಲ ನೋಡಿಕೊಳ್ಳುತ್ತಾಳೆ. ಎಲ್ಲಿಯೋ ಕುಳಿತ ಕಿಡಿಗೇಡಿಗಳು ಸಾವಿರಾರು ಸುಳ್ಳು ಕೋರಿಕೆಗಳನ್ನು ಒಮ್ಮೆಲೇ ಕಳಿಸಿ ಜಾಲವನ್ನು ಉಸಿರುಗಟ್ಟಿಸುತ್ತಾರಂತೆ. ಆ ನೂಕುನುಗ್ಗಲಿನಲ್ಲಿ ನಿಜವಾದ ರೋಗಿಗೆ ದಾರಿ ಸಿಗುವುದಿಲ್ಲ. ಅದನ್ನು ತಡೆಯುವುದೇ ಅತ್ತೆಯ ಕೆಲಸ.

ಕೆಲಸ ಆಸ್ಪತ್ರೆಯಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಕುಕನೂರಿನಲ್ಲಿ ನನ್ನ ನಿಶ್ಚಿತಾರ್ಥದ ದಿನ ಊಟದ ಮನೆಯ ಬಾಗಿಲಲ್ಲೂ ನಿಂತುಬಿಟ್ಟಳು! ಜಿಲೇಬಿಗೆಂದು ಮತ್ತೆ ಬಂದ ಹಿರಿಯರೊಬ್ಬರನ್ನು ತಡೆದಳು.

"ಈಗರ ಬಂದು ಹ್ವಾದ್ರಲ್ರಿ? ಹತ್ತು ನಿಮಿಷ ನಿಲ್ರಿ."

"ನಾ ಹುಡುಗನ ದೊಡ್ಡಪ್ಪ ಅದೀನ್ರಿ!"

"ಎಲ್ಲಾರೂ ಹಂಗ ಅಂತಾರ್ರಿ. ಗುರುತು ತೋರಸ್ರಿ."

ಪಾಪ, ಒಂದು ಜಿಲೇಬಿಗಾಗಿ ಆಧಾರ್ ಕಾರ್ಡ್ ತೆಗೆದರು! ಆದರೂ ನನ್ನ ಮದುವೆ ನಡೆಯಿತೆಂದರೆ ನನ್ನ ಗಂಡನ ಮನೆಯವರು ಎಷ್ಟು ಒಳ್ಳೆಯವರಿರಬೇಕು?

ಆಸ್ಪತ್ರೆಯ ಹೆರಿಗೆ ಕೋಣೆ, ರಕ್ತ ಪರೀಕ್ಷೆ, ತುರ್ತು ವಿಭಾಗಗಳನ್ನು ಹೊರಗಿನ ಜಾಲದಿಂದ ಬೇರ್ಪಡಿಸಿ, ಅವಕ್ಕೆ ಪ್ರತ್ಯೇಕ ದಾರಿ ಹಾಕಬೇಕೆಂದು ಅತ್ತೆ ಹಠ ಹಿಡಿದಳು. ವ್ಯವಸ್ಥಾಪಕರು ನಕ್ಕರು.

"ಮೇಡಮ್ಮಾರ, ನಮ್ಮ ದವಾಖಾನಿ ಮ್ಯಾಲೆ ಯಾರ್ರೀ ದಾಳಿ ಮಾಡ್ತಾರ?"

"ಅವರು ಊರು ನೋಡಿ ಬರಂಗಿಲ್ರಿ, ಸಾಹೇಬ್ರ."

ಅಂದಿನಿಂದ ಅವರಿಗೆ ದಿನಕ್ಕೆ ನಲವತ್ತು ಸಲ ಅತ್ತೆಯ ಫೋನು, ಚೀಟಿ, ಖುದ್ದು ಭೇಟಿ. ಅವರ ಉಳಿದ ಕೆಲಸವೆಲ್ಲ ನಿಂತುಹೋಯಿತು. ಕೊನೆಗೆ ಕೈಮುಗಿದು ಸಹಿ ಹಾಕಿದರು. ಮೊದಲ ದಾಳಿ ಮಾಡಿದವಳು ಅತ್ತೆಯೇ ಅಲ್ಲವೇ?

ನಿಜವಾದ ದಾಳಿ ಒಂದು ಸೋಮವಾರ ಬೆಳಿಗ್ಗೆ ಬಂತು. ನಮ್ಮ ಮಾವನವರ ಕಣ್ಣು ತೋರಿಸಲು ನಾನೂ ಅಲ್ಲಿದ್ದೆ. ಹೆಸರು ಬರೆಸುವ ಕಡೆ ಕಂಪ್ಯೂಟರುಗಳೆಲ್ಲ ಸ್ತಬ್ಧ. ಜನರ ಗದ್ದಲವೋ ಗದ್ದಲ. ಅಷ್ಟರಲ್ಲಿ ಯಲಬುರ್ಗಾ ಕಡೆಯ ಬಸುರಿಯೊಬ್ಬಳನ್ನು ತಂದರು, ಸೀರೆಯೆಲ್ಲ ರಕ್ತ. ಅತ್ತೆ ಸುಳ್ಳು ಕೋರಿಕೆಗಳನ್ನು ಹೊರಗೇ ತಡೆಯುತ್ತ ಕುಳಿತಿದ್ದಳು. ಅವಳು ಹಾಕಿಸಿದ್ದ ಪ್ರತ್ಯೇಕ ದಾರಿ ಮಾತ್ರ ಅಲುಗಲಿಲ್ಲ. ಅದರಲ್ಲೇ ರಕ್ತದ ಗುಂಪಿನ ವರದಿ ತಕ್ಷಣ ಹೆರಿಗೆ ಕೋಣೆಗೆ ಹೋಯಿತು, ರಕ್ತವೂ ಬಂತು.

ಮಧ್ಯಾಹ್ನ ಅತ್ತೆಯೂ ನಾನೂ ಹೆರಿಗೆ ಕೋಣೆಯ ಮುಂದೆ ಹಾದುಹೋಗುತ್ತಿದ್ದೆವು. ಬೆಳಿಗ್ಗೆ ಬಂದ ಬಸುರಿ ಈಗ ಬಾಣಂತಿ. ಅವಳ ಗಂಡನ ತಾಯಿ, ಮುದುಕಿ, ಕೂಸು ಹಿಡಿದು ನಿಂತಿದ್ದಳು.

"ಯವ್ವಾ, ನೀ ಡಾಕ್ಟರೇನ?"

"ಅಲ್ಲಬೇ. ನಾ ಬರೇ ವೈರ್ ಜೋಡಸಾಕಿ."

"ಯಾರರ ಇರು, ಈ ಕೂಸು ಈಟು ಹಿಡಿ. ಬಿಸಿನೀರು ತರತೀನಿ."

ಅತ್ತೆ ಕೂಸನ್ನು ಎದೆಗವಚಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಅವಳ ಹೆಗಲು ಅಲುಗುವುದನ್ನು ನಾನು ಅವತ್ತೇ ಮೊದಲು ನೋಡಿದ್ದು.