ಗುಲಾಬಿ ಇಲ್ಲದ ಮದುವೆ ಕ್ಯಾಸೆಟ್ಟು

ಹಗರಿಬೊಮ್ಮನಹಳ್ಳಿಯ ಸುತ್ತಮುತ್ತ ಮುನ್ನೂರು ಮದುವೆಗಳಿಗೆ ವಿಡಿಯೋ ತೆಗೆದ ಮಹಾನುಭಾವ ನಾನು! ಅಂಥ ನನಗೂ 1998ರಲ್ಲಿ ಒಬ್ಬ ಶತ್ರು ಹುಟ್ಟಿಕೊಂಡ. ಅವನು ಅಮೆರಿಕದ ಸಿನಿಮಾ ಡೈರೆಕ್ಟರು.

ನನ್ನ ಹೆಂಡತಿ ಸುಕನ್ಯಾ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ಒಂದು ಭಾನುವಾರ ಕೇಬಲ್ಲಿನಲ್ಲಿ ಕುದುರೆ-ಪಿಸ್ತೂಲಿನ ಹಳೆಯ ಚಿತ್ರವೊಂದನ್ನು ನೋಡಿದವಳು ಮೂರು ದಿನ ಅದನ್ನೇ ಹೊಗಳಿದಳು.

"ಉಳಿದ ಕೌಬಾಯ್ ಪಿಚ್ಚರಿನಂಗಲ್ರಿ ಇದು. ಹೀರೋ ಕುದುರಿಯಿಂದ ಬೀಳ್ತಾನ, ಗುಂಡು ಹೊಡಿಯಾಕ ಕೈ ನಡುಗ್ತಾವ, ಕೊಂದ ಮ್ಯಾಲೆ ಕುಂತು ಅಳ್ತಾನ. ಆ ಡೈರೆಕ್ಟರ್ ಸುಳ್ಳು ತೋರ್ಸಂಗಿಲ್ಲ ನೋಡ್ರಿ. ಎಂಥಾ ಮನುಷ್ಯಾ!"

"ಮತ್ತ ನಾನು?"

"ನೀವಾ? ತವರು ಬಿಟ್ಟು ಅಳೋ ಹುಡುಗೀನೂ ಕ್ಯಾಸೆಟ್ಟಿನ್ಯಾಗ ಗುಲಾಬಿ ಹೂವಿನ ನಡುವ ಕುಂದ್ರಿಸಿ ಗರಗರ ತಿರುಗಿಸ್ತೀರಿ!"

ಹೊಟ್ಟೆಗೆ ಬೆಂಕಿ ಬಿತ್ತು. ಮದುವೆಯಾಗಿ ಆರು ವರ್ಷ. ನನ್ನ ಒಂದು ಕ್ಯಾಸೆಟ್ಟಿಗಾದರೂ ಅವಳು 'ಚೊಲೋ ಐತಿ' ಅಂದಿರಲಿಲ್ಲ. ಮುಖ ಮೂತಿ ಗೊತ್ತಿಲ್ಲದ ಅವನಿಗೆ ಮಾತ್ರ 'ಎಂಥಾ ಮನುಷ್ಯಾ'! ಅಂದೇ ಭೀಷಣ ಶಪಥ ಮಾಡಿದೆ: ನಾದಿನಿ ಗೀತಾಂಜಲಿಯ ಮದುವೆಯಲ್ಲಿ ಸತ್ಯವನ್ನೇ ತೋರಿಸುತ್ತೇನೆ. ಗುಲಾಬಿಯಿಲ್ಲ, ಹಾಡಿಲ್ಲ, ಒಂದು ಶಾಟಿಗೂ ಕತ್ತರಿಯಿಲ್ಲ! ಜೊತೆಗೆ ಒಂದು ಹ್ಯಾಟನ್ನೂ ಕೊಂಡೆ.

ಮದುವೆ ಹರಪನಹಳ್ಳಿಯಲ್ಲಿ ನಡೆಯಿತು. ಮರುವಾರ ಮಾವನ ಮನೆಯಲ್ಲಿ ಬೀಗರೆಲ್ಲ ಟಿವಿ ಮುಂದೆ ಸೇರಿದರು. ಕ್ಯಾಸೆಟ್ಟಿನಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಮದುಮಗ ಆಕಳಿಸಿದ. ಬೀಗಿತ್ತಿ ಉಡುಗೊರೆ ಸೀರೆಯ ಅಂಚು ಹಿಡಿದು ಮೂಗು ಮುರಿದರು. ಮಾವನ ಅಣ್ಣ ಪಾಲಾಕ್ಷಪ್ಪನವರು ನಾಲ್ಕು ಲಾಡು ಟವೆಲ್ಲಿನಲ್ಲಿ ಕಟ್ಟಿಕೊಂಡರು.

"ಏನ್ ಅಳಿಯಂದ್ರೆ, ಇದು ಮದ್ವಿ ಕ್ಯಾಸೆಟ್ಟೋ, ಪೊಲೀಸ್ ಕೇಸೋ?" ಎಂದು ಪಾಲಾಕ್ಷಪ್ಪನವರು ಗುಡುಗಿದರು.

"ಸತ್ಯಾರೀ ಮಾವಾರ!" ಎಂದು ಎದೆಯುಬ್ಬಿಸಿದೆ.

ಆಗ ಟಿವಿಯಲ್ಲಿ ಕಲ್ಯಾಣಮಂಟಪದ ಖಾಲಿ ಕೋಣೆ ಬಂತು. ಅಯ್ಯೋ! ಕ್ಯಾಮೆರಾ ಆಫ್ ಮಾಡದೆ ಮೇಜಿನ ಮೇಲಿಟ್ಟುಬಿಟ್ಟಿದ್ದೆ! ಕನ್ನಡಿ ಮುಂದೆ ಹ್ಯಾಟು ಹಾಕಿಕೊಂಡು ನಾನೇ ನಿಂತಿದ್ದೆ. ಸೊಂಟದಿಂದ ಬಾಚಣಿಗೆ ಎಳೆದು ಪಿಸ್ತೂಲಿನಂತೆ ಗುರಿಯಿಟ್ಟೆ. "ಲೇ ಡೈರೆಕ್ಟರ್! ಸುಕನ್ಯಾ ನನ್ನ ಹೇಣ್ತಿ ಲೇ!" ಕೈ ನಡುಗಿ ಬಾಚಣಿಗೆ ಬಿತ್ತು. ದನಿಯೂ ಬಿತ್ತು: "ನಂಗೂ ಒಂದ್ಸಲ ಚೊಲೋ ಐತಿ ಅಂದ್ರ ಆಕಿ ಗಂಟೇನ್ ಹೋಗ್ತೈತಿ?"

ಬೀಗರು ಬಿದ್ದು ಬಿದ್ದು ನಕ್ಕರು. ಪಾಲಾಕ್ಷಪ್ಪನವರು ಅದೇ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಸುಕನ್ಯಾ ಮಾತ್ರ ನಗಲಿಲ್ಲ. ಮೆಲ್ಲಗೆ ನನ್ನ ಪಕ್ಕಕ್ಕೆ ಸರಿದು ಕೂತಳು.

"ಈ ಸೀನ್ ಭಾಳ ಚೊಲೋ ಐತ್ರಿ."

ಆರು ವರ್ಷ ಕಾದ ಮಾತು! ತಕ್ಷಣ ಮೀಸೆ ತಿರುವಿದೆ. "ನಿನ್ನ ಡೈರೆಕ್ಟರ್ ಇಂಥಾದ್ದು ತಗದಾನೇನು?"

"ನೀವರ ಎಲ್ಲಿ ತಗದೀರಿ? ಕ್ಯಾಮೆರಾ ತಾನ ತಗದೈತಿ. ಅದಕ್ಕ ಚೊಲೋ ಬಂದೈತಿ!"