ತೊಟ್ಟಿಯಲ್ಲಿ ಓಡಿದ ದೋಣಿ ಮೋಟಾರು

ಬೆಳಿಗ್ಗೆ ಹಸು ಕರೆದೆ. ಡೈರಿಗೆ ಹಾಲು ಹಾಕಿ ಬಂದೆ. ಕೊಟ್ಟಿಗೆ ಗುಡಿಸಿದೆ, ಜೋಳಕ್ಕೆ ನೀರು ತಿರುಗಿಸಿದೆ, ಮನೆಯವಳು ಹೇಳಿದ ಕೊತ್ತಂಬರಿ ಸೊಪ್ಪನ್ನೂ ಮರೆಯದೆ ತಂದೆ. ಹೀಗೆ ಎಲ್ಲವೂ ಸರಾಗವಾಗಿ ಸಾಗಿದ ದಿನ ಮನುಷ್ಯನಿಗೆ ತನ್ನ ಕೈಯ ಮೇಲೆ ವಿಪರೀತ ನಂಬಿಕೆ ಬಂದುಬಿಡುತ್ತದೆ.

ಜೋಳದ ಕೋಣೆಯಲ್ಲಿ ಬಾಮೈದ ಮಾದೇಶನ ದೋಣಿ ಮೋಟಾರು ಇತ್ತು. ದೋಣಿ ತೇಲಿಸುವಷ್ಟು ನೀರು ನಮ್ಮ ಪಣಕಹಳ್ಳಿಯಲ್ಲಿಲ್ಲ. ಅವನು ಮೀನು ಹಿಡಿಯುವುದು ದಿಂಬಂ ಘಟ್ಟದ ಕೆಳಗಿನ ಅಣೆಕಟ್ಟೆಯಲ್ಲಿ. ತೋಳಲ್ಲಿ ಬಲವಿದ್ದಾಗ, ಪೆಟ್ರೋಲು ಯಾಕೆ ದಂಡ ಎಂದು ಆ ಹಳೆಯ ಮೋಟಾರನ್ನು ನಮ್ಮಲ್ಲಿ ಬಿಟ್ಟು ಹೋಗಿದ್ದ. ವರ್ಷಗಟ್ಟಲೆ ಅದು ಚೀಲಗಳ ಅಡಿಯಲ್ಲಿ ನೆಮ್ಮದಿಯಾಗಿತ್ತು. ಈಗ ಹುಟ್ಟು ಹಾಕಿ ಹಾಕಿ ಅವನ ಭುಜ ಕೆಟ್ಟಿದೆ. ಮೋಟಾರಿದ್ದರೆ ಕಸುಬು ನಡೆದೀತು, ಇಲ್ಲದಿದ್ದರೆ ಇಲ್ಲ.

"ಸಾಯಂಕಾಲ ಬತ್ತಿನಿ ಬಾವ. ಅದ್ನ ಮೆಕ್ಯಾನಿಕ್ಕೇ ಬಿಚ್ಚಿ ನೋಡ್ಬೇಕು. ನೀವು ಮುಟ್ಬೇಡಿ," ಎಂದು ಫೋನಿನಲ್ಲಿ ಹೇಳಿದ್ದ. ಪಾಪ, ನನಗೆ ತೊಂದರೆ ಕೊಡಬಾರದೆಂಬ ಸಂಕೋಚ ಎಂದುಕೊಂಡೆ.

ಸದರಿ ಮೋಟಾರನ್ನು ದನ ನೀರು ಕುಡಿಯುವ ಸಿಮೆಂಟ್ ತೊಟ್ಟಿಯ ಅಂಚಿಗೆ ಬಿಗಿಯಲಾಯಿತು.

"ಮುಟ್ಬೇಡಿ ಅಂದ್ನಲ್ಲ ಅವ್ನು?" ಎಂದಳು ಮನೆಯವಳು.

"ಬಾವಿ ಮೋಟಾರ್ನ ಇಷ್ಟ್ ವರ್ಸ ನೋಡ್ಕಂಡಿರೋನು ಯಾರು? ಇದೂ ನೀರೆಳೆಯೋದೆ ಕಣಮ್ಮಿ."

"ಅದುಕ್ಕ ನೀವು ಸ್ವಿಚ್ ಆಕೋದ್ನ ಮಾತ್ರ ನೋಡಿವ್ನಿ," ಎಂದು ಬಟ್ಟೆ ಹರವಲು ಹೋದಳು.

ಪ್ಲಗ್ ಒರೆಸಿದೆ. ಹೊಸ ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಿದೆ. ಹಗ್ಗ ಎಳೆದೆ, ಎಳೆದೆ, ಮತ್ತೆ ಎಳೆದೆ. ಹೊತ್ತಿಕೊಂಡಿತು! ಊರಿಗೆಲ್ಲ ಕೇಳುವಂತೆ ಗುಡುಗಿತು. ಹಸು ಹಗ್ಗ ಕಿತ್ತುಕೊಂಡು ಓಡಿತು. ಇರಲಿ, ಹಸು ವಾಪಸ್ ಬರುತ್ತದೆ.

ಒಂದೇ ಕೊರತೆ. ಈ ಮೋಟಾರು ತನ್ನ ಮೈ ತಣಿಸಿಕೊಳ್ಳಲು ಕೆಳಗಿನಿಂದ ನೀರು ಹೀರಿ ಪಕ್ಕದ ತೂತಿನಿಂದ ಉಗುಳಬೇಕು. ಉಗುಳಲಿಲ್ಲ. ಬಾವಿ ಮೋಟಾರು ನೀರು ಹಿಡಿಯದಿದ್ದರೆ ನಮ್ಮಲ್ಲಿ ಗೊತ್ತಿರುವುದು ಒಂದೇ ಮದ್ದು: ಪೈಪಿಗೆ ಸಗಣಿ ನೀರು ಸುರಿಯುವುದು. ಸಗಣಿ ವಾಲ್ವಿನ ಸಂದಿಗೆ ಕೂತು ಸೋರಿಕೆ ನಿಲ್ಲುತ್ತದೆ, ನೀರು ಏರುತ್ತದೆ. ಮೋಟಾರು ನಿಲ್ಲಿಸಿ, ಒಂದು ಬುಟ್ಟಿ ಸಗಣಿಯನ್ನು ತೊಟ್ಟಿಯಲ್ಲೇ ಕದಡಿ, ಮತ್ತೆ ಹಗ್ಗ ಎಳೆದೆ.

ತೂತಿನಿಂದ ಹಸಿರು ಪಿಚಕಾರಿ ಹಾರಿತು. ನೇರ ಹೋಗಿ ಆಗಷ್ಟೇ ಹರವಿದ್ದ ಬಿಳಿ ಪಂಚೆಯ ಮೇಲೆ ಬಿತ್ತು.

"ಇಡೀತು ನೋಡಮ್ಮಿ!" ಎಂದು ಕೂಗಿದೆ.

ಅಷ್ಟರಲ್ಲಿ ಪಿಚಕಾರಿ ನಿಂತಿತು. ಸುಟ್ಟ ವಾಸನೆ ಬಂತು, ಹೊಗೆ ಬಂತು, ಮೋಟಾರು ಒಮ್ಮೆ ಕಿರುಚಿ ಸುಮ್ಮನಾಯಿತು. ಹಗ್ಗ ಎಳೆದರೆ ಬರಲಿಲ್ಲ. ಕಾದಿದೆಯಲ್ಲ, ತಣಿಸೋಣ ಎಂದು ಒಂದು ಕೊಡ ತಣ್ಣೀರು ಸುರಿದೆ. 'ಠಣ್' ಎಂದಿತು. ನೋಡಿದರೆ ಕಬ್ಬಿಣದ ಮೈಯಲ್ಲಿ ಉದ್ದಕ್ಕೆ ಬಿರುಕು.

ಮನೆಯವಳು ಬಂದು ನೋಡಿದಳು. ಹಸಿರಾದ ಪಂಚೆಯನ್ನು ಎಳೆದುಕೊಂಡು ಮತ್ತೆ ಒಗೆಯಲು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆಯ ಬಸ್ಸಿಗೆ ಮಾದೇಶ ಬಂದ. ಅಕ್ಕನ ಕೈಗೆ ಮೀನಿನ ಚೀಲ ಕೊಟ್ಟು, ಹಸಿರಾಗಿದ್ದ ತೊಟ್ಟಿಯ ಹತ್ತಿರ ಹೋಗಿ ಮೋಟಾರಿನ ಮೇಲೆ ಕೈಯಿಟ್ಟ. ಬಿರುಕಿಗೆ ಬೆರಳು ತಾಗಿತು.

"ಸಗಣಿನ ಬಾವ?"

"ಊಂ."

ಅವನಿಗೆ ನಗು ಬಂತು. ಅರ್ಧ ನಕ್ಕು ನಿಲ್ಲಿಸಿದ. "ಓಗ್ಲಿ ಬುಡಿ. ಇನ್ನೊಂದಷ್ಟ್ ದಿವ್ಸ ಕೈಲೇ ಉಟ್ಟಾಕ್ತಿನಿ."

ರಾಗಿ ಮುದ್ದೆ, ಮೀನಿನ ಸಾರು ಉಂಡೆವು. ಅವನು ಆ ಭುಜದಲ್ಲಿ ಹುಟ್ಟು ಹಾಕಿ ಹಿಡಿದ ಮೀನು. ಊಟವಾದ ಮೇಲೆ ಮನೆಯವಳು ಬಿಸಿ ಎಣ್ಣೆಯ ಬಟ್ಟಲು ತಂದು ನನ್ನ ಮುಂದಿಟ್ಟಳು. "ಇದ್ನಾರೂ ಸರ್ಯಾಗಿ ಮಾಡಿ."

ಮಾದೇಶನ ಭುಜವನ್ನು ಭಕ್ತಿಯಿಂದ ತಿಕ್ಕಿದೆ. ತಿಕ್ಕುತ್ತಿದ್ದಂತೆಯೇ ಮಾದೇಶ ಎಲ್ಲರಿಗಿಂತ ಮೊದಲು ನಿದ್ದೆ ಹೋದ. ಈ ಒಂದು ರಿಪೇರಿಯಾದರೂ ಕೈಗೂಡಿತಲ್ಲ ಎಂದು ಬಟ್ಟಲು ಕೆಳಗಿಟ್ಟೆ.

ಚಾಪೆ ಹಾಸುತ್ತಿದ್ದ ಮನೆಯವಳು ತಿರುಗಿ ನೋಡಿ ಮೆಲ್ಲಗೆ ಹೇಳಿದಳು: "ನೋವಿರಾದು ಆ ಕಡೆ ಬುಜ ಕನಿ."