ನಮ್ಮತ್ತಿ ಹವಳ ನೋಡಾಕ ಹೊಂಟಿದ್ದು

ನಮ್ಮ ಮನ್ಯಾಗ ಪ್ರಸಂಗ ಹುಟ್ಟಾಕ ಮುಹೂರ್ತ ಬ್ಯಾಡ, ನಮ್ಮತ್ತಿ ಬಾಯಿ ತೆಗೆದ್ರ ಸಾಕು. ಮುಂಬೈದ ಮುಲುಂಡಿಗೆ ಮದುವಿಯಾಗಿ ಬಂದ ಮ್ಯಾಲೆ ನಗೋದಕ್ಕಂತ ನಾ ಟಿವಿ ಹಚ್ಚಿದ್ದ ಇಲ್ಲ. ಈಗೀಗ ಅವರಿಗೆ ಒಂದು ಆಸೆ ಹತ್ತೇತಿ. ವಿಜಯಪುರದ ತವರಿನವರು ಮದುವ್ಯಾಗ ಹಾಕಿದ ಹವಳದ ಸರ ಇನ್ನೂ ಅವರ ಕೊಳ್ಳಾಗ ಐತಿ. ಆ ಹವಳ ಸಮುದ್ರದಾಗ ಹೆಂಗ ಬೆಳೀತೈತಿ ಅಂತ ಒಮ್ಮೆ ಕಣ್ತುಂಬ ನೋಡಬೇಕು. "ಇಷ್ಟು ವರ್ಷ ಸಮುದ್ರದ ಮಗ್ಗಲಾಗ ಇದ್ದೂ ನೋಡಲಿಲ್ಲಂದ್ರ ಹೆಂಗವಾ?" ಅಂತ ಕೇಳ್ತಾರ.

ನೆರಳಿನ ಚಿಂತಿ

ಒಂದಿನ ನಮ್ಮ ಮನಿಯವರು ವಿಕ್ರೋಳಿ ಫ್ಯಾಕ್ಟರಿಯಿಂದ ಬರೋವಾಗ ಒಂದು ಸುದ್ದಿ ತಂದ್ರು. "ಅವ್ವಾ, ಮಾಲವಣದ ಕಡೆ ಸಮುದ್ರದಾಗ ಅಭಯಾರಣ್ಯ ಮಾಡ್ಯಾರಂತ. ಅಲ್ಲಿ ಮೀನು, ಹವಳ ಯಾರೂ ಮುಟ್ಟೂಹಂಗಿಲ್ಲ. ಬಾಯಾಗ ಉಸರಾಡೋ ನಳಗಿ ಇಟ್ಕೊಂಡು, ನೀರಾಗ ಮುಖ ಅದ್ದಿ ನೋಡಬೇಕು."

ಅತ್ತಿ ಮೂಲ್ಯಾಗಿನ ಛತ್ರಿ ಕಡೆ ನೋಡಿದ್ರು. "ಅರಣ್ಯ ಅಂದ ಮ್ಯಾಲೆ ನೆರಳು ಇರತೈತಿ ಬಿಡು. ಛತ್ರಿ ಹೊರೋದು ತಪ್ಪಿತು."

ಬಾಗಿಲಾಗ ಮಾಸ್ಕ್

ಮಾಸ್ಕ್, ನಳಗಿ ಮನಿಗೆ ಬಂದ್ವು. ಅತ್ತಿ ಅಡಿಗಿಮನ್ಯಾಗ ಖುರ್ಚಿ ಹಾಕ್ಕೊಂಡು ತಾಲೀಮು ಸುರು ಮಾಡಿದ್ರು. ಕಣ್ಣು-ಮೂಗು ಮುಚ್ಚೋ ಗಾಜು, ಬಾಯಾಗ ನಳಗಿ, ಘೊರ್ ಘೊರ್ ಅಂತ ಉಸರು. ಅಷ್ಟರಾಗ ಬೆಲ್ ಆತು. ನನ್ನ ಕೈ ರೊಟ್ಟಿ ಹಿಟ್ಟಿನಾಗಿತ್ತು, ಅವರ ಎದ್ದು ಹೋಗಿ ಬಾಗಿಲಾ ತೆಗೆದ್ರು.

ಎದುರು ಮನಿ ಮರಾಠಿ ಬಾಯಿ ಹೆಪ್ಪು ಕೇಳಾಕ ವಾಟಗಾ ಹಿಡಕೊಂಡು ನಿಂತಿದ್ಲು. ಅತ್ತಿ ಮಾರಿ ನೋಡಿದಾಕಿನ ಹಿಂದ ಸರದು ಬಾಯಿಗೆ ಸೆರಗು ಒತ್ತಿಕೊಂಡ್ಲು. "ಅರೇ ದೇವಾ! ಮಾಸ್ಕ್ ಪರತ್ ಸುರೂ ಝಾಲೆ ಕಾ?" ಕೊರೋನಾದ ಮಾಸ್ಕ್ ಮತ್ತ ಸುರುವಾದ್ವೇನು ಅಂತ ಆಕಿಗೆ ಗಾಬರಿ.

ಸಂಜಿಕೆ ನೋಡಿದ್ರ ಲಿಫ್ಟಿನಾಗಿನ ಮಂದಿಯೆಲ್ಲಾ ಮಾಸ್ಕ್ ಹಾಕ್ಕೊಂಡು ನಿಂತಾರ!

ಮೆಗಾಬ್ಲಾಕ್

ಡಾಕ್ಟರು ಈ ವಯಸ್ಸಿನಾಗ ನಳಗಿ-ಗಿಳಗಿ ಬ್ಯಾಡ ಅಂದುಬಿಟ್ರು. ಅತ್ತಿ ಮಾಸ್ಕ್ ತಗೊಂಡು ಗೂಟಕ್ಕ ತೂಗಹಾಕಿದ್ರು. ಆಮ್ಯಾಲೆ ಊಟಾ ಮಾಡೋವಾಗೂ ಅದರ ಕಡೇನ ನೋಡ್ತಿದ್ರು. ನನಗ ತಡೀಲಿಲ್ಲ. ಅವರಿವರನ್ನ ಕೇಳಿದೆ. ಇಳಿತದ ಹೊತ್ತಿನಾಗ ಮುಂಬೈ ದಂಡಿ ಬಂಡಿಗಲ್ಲಿನ ಮ್ಯಾಲೇನ ಜೀವಂತ ಹವಳ ಕಾಣ್ತಾವ, ತೋರಸಾಕ ಹುಡುಗರ ಗುಂಪೂ ಐತಿ ಅಂತ ಗೊತ್ತಾತು.

ರವಿವಾರ ಹೊಂಟ್ವಿ. ರವಿವಾರ ಹಳಿ ರಿಪೇರಿಗಂತ ರೈಲು ತಡೆಯೋ ಮೆಗಾಬ್ಲಾಕ್ ಇರತೈತಿ ಅನ್ನೋದು ಮೂವರಿಗೂ ನೆನಪಾಗಲಿಲ್ಲ. ಲೋಕಲ್ ನಿಂತು ನಿಂತು ಹೋಗಿ ಮುಟ್ಟಿಸೋದ್ರಾಗ ಇಳಿತ ಮುಗದು ಭರತಿ ಬಂದು ಕಲ್ಲೆಲ್ಲಾ ಮುಳುಗಿದ್ದುವು. ಅತ್ತಿ ದಂಡಿಗೆ ಹೋಗಿ ಆ ನೀರಾಗ ಬಗ್ಗಿ ನೋಡಿದ್ರು.

"ಇಲ್ಲೇ ಕೆಳಗ ಅದಾವಲ್ಲ?"

"ಹೂಂ ಅತ್ತಿ."

ಕಣ್ಣು ಒರಸಿಕೊಂಡ್ರು. ನಮ್ಮ ಮನಿಯವರು ರೈಲ್ವೆಯವರಿಗೆ ಬಾಯಿಗೆ ಬಂದಂಗ ಬೈಯಾಕ ಹತ್ತಿದ್ರು.

"ಅವರನ್ನ ಯಾಕ ಬೈತಿ ತಮ್ಮಾ? ಈ ಸಮುದ್ರಕ್ಕ ಒಂದು ಮೆಗಾಬ್ಲಾಕ್ ಇಡಬೇಕಿತ್ತು."

ಕಡೀಕೂ ಕಂಡಿತು

ಮುಂದಿನ ಸಲ ಶನಿವಾರ ಹೋದ್ವಿ, ಕಲ್ಲು ಬಯಲಾಗಿದ್ವು. ತೋರಸೋ ಹುಡುಗಿ ನಮ್ಮ ಕಡೆಯಾಕಿನ, ಆದ್ರ ಹುಟ್ಟಿದ್ದು ಇಲ್ಲೇ ಮುಂಬೈದ ಗೋರೆಗಾಂವ್. "ಅಜ್ಜಿ, ಸ್ಲೋ ಬನ್ನಿ. ಟಚ್ ಮಾಡಬೇಡಿ, ಕಾಯ್ದೆ ಇದೆ," ಅಂತ ಕೈ ಹಿಡಕೊಂಡು ಕಲ್ಲಿನ ಸಂದ್ಯಾಗ ನಿಂತ ನೀರು ತೋರಿಸಿದ್ಲು. ಕೆಂಪಗ ಫಳಫಳ ಅಂತಿರತೈತಿ ಅಂತ ನಾ ತಿಳಕೊಂಡಿದ್ದೆ. ನೋಡಿದ್ರ ಒಣಗಿದ ಹಿಟ್ಟಿನ ಮುದ್ದಿಯಂಗ ಕಂದು ಬಣ್ಣದ್ದೊಂದು ಕಲ್ಲಿಗೆ ಅಂಟಿಕೊಂಡಿತ್ತು.

"ಅಜ್ಜಿ, ಇದು ಗಿಡ ಅಲ್ಲ. ಅನಿಮಲ್. ಜೀವ ಇದೆ."

ತತ್ತಿ ಹೊಸ್ತಿಲಾ ದಾಟಾಕ ಬಿಡದ ನಮ್ಮತ್ತಿ! ಸರ ಈಗ ಹರದು ಒಗೀತಾರ ಅಂದ್ಕೊಂಡೆ. ಅವರು ಮಣಕಾಲು ಹಿಡಕೊಂಡು ಮೆಲ್ಲಕ ಕುಂತು, ಸರ ನೀರಿನ ಕಡೆ ಬಗ್ಗಿಸಿದ್ರು. "ನೋಡ್ರೆವಾ, ನಿಮ್ಮ ಮನಿ ಹೆಣ್ಮಕ್ಳನ್ನ ಕರಕೊಂಡು ಬಂದೇನಿ. ಮಾತಾಡಸ್ರಿ."

"ಅಜ್ಜಿ, ನಿಮ್ಮ ಸರದ್ದು ಬೇರೆ ಜಾತಿ ಹವಳ," ಅಂದ್ಲು ಹುಡುಗಿ.

"ದೂರದ ಬಳಗ ಆದೀತು ಬಿಡವಾ."

ಭರತಿ ಸುರುವಾಗಿ ನೀರು ನಮ್ಮ ಹಿಮ್ಮಡಿಗೆ ಬಂತು. ನಮ್ಮ ಮನಿಯವರು ಗಾಬರಿಯಾಗಿ ಒದರಿದ್ರು: "ಅವ್ವಾ, ಸಾಕು, ಏಳು! ಹೊತ್ತಾತು!"

ಅತ್ತಿ ತಿರುಗಿ ಸುದ್ದಾ ನೋಡಲಿಲ್ಲ. "ತವರಿಗೆ ಬಂದು ಇನ್ನ ಕುಂತಿಲ್ಲ, ಆಗಲೇ ಏಳಂತಿ. ನಿಮ್ಮಪ್ಪಾರೂ ಹಿಂಗ ಮಾಡ್ತಿದ್ರು!"